ಮಡಿಮಾಡುವ ಕಿರುವೃತ್ತಿಯಲ್ಲಿ ಏಕಸೇವೆ ಮತ್ತು ಬಹುಸೇವೆ

ಬಟ್ಟೆಯನ್ನೋ ಮನೆಯನ್ನೋ ಶುಚಿಮಾಡಿಕೊಟ್ಟು ಜೀವಿಸುವ ಸಣ್ಣ ವೃತ್ತಿಗಾರನ ಮುಂದೆ ಒಂದು ಪ್ರಶ್ನೆ ಸದಾ ನಿಂತಿರುತ್ತದೆ. ಒಂದೇ ಕೆಲಸವನ್ನು ಹಿಡಿದು ಅದರಲ್ಲಿ ನೈಪುಣ್ಯವನ್ನು ಪಡೆಯುವುದು ಮೇಲೋ, ಗಿರಾಕಿಗಳು ಕೇಳಿದ ಕೆಲಸಗಳನ್ನೆಲ್ಲ ಒಪ್ಪಿಕೊಳ್ಳುವುದು ಮೇಲೋ? ಮೊದಲನೆಯ ಮಾರ್ಗದಲ್ಲಿ ಕೈ ಚುರುಕಾಗುತ್ತದೆ, ಉಪಕರಣಗಳ ವೆಚ್ಚ ಕಡಮೆಯಾಗುತ್ತದೆ. ಆದರೆ ಆ ಒಂದು ಕೆಲಸಕ್ಕೆ ಬೇಡಿಕೆ ತಪ್ಪಿದರೆ ಅನ್ನವೇ ತಪ್ಪುತ್ತದೆ. ಎರಡನೆಯದರಲ್ಲಿ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ತುಂಬಬಹುದು. ಆದರೆ ಹೆಚ್ಚಿನ ಬಂಡವಾಳ ಬೇಕು, ಯಾವುದರಲ್ಲಿಯೂ ಹೆಸರು ಬಾರದೆಂಬ ಭಯವೂ ಉಂಟು. ಇತಿಹಾಸದ ಕೆಲವು ನಿದರ್ಶನಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ್ಯಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ, ಶ್ರಮವಿಭಾಗವು ಮಾರುಕಟ್ಟೆಯ ವಿಸ್ತಾರಕ್ಕೆ ಅಧೀನವಾದುದೆಂದು ಹೇಳಿದ್ದಾನೆ. ದಿನಕ್ಕೆ ಸಾವಿರ ಮೊಳೆಗಳಂತೆ ವರ್ಷಕ್ಕೆ ಮೂರು ಲಕ್ಷ ಮೊಳೆಗಳನ್ನು ಮಾಡಬಲ್ಲವನು ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ವರ್ಷವಿಡೀ ಕುಳಿತರೂ ಒಂದು ದಿನದ ತಯಾರಿಕೆಯನ್ನು ಮಾರಲಾರನೆಂಬುದು ಅವನು ಕೊಟ್ಟಿರುವ ಉದಾಹರಣೆ. ಈ ಸೂತ್ರದಂತೆ, ಸಣ್ಣ ಊರಿನಲ್ಲಿ ಬಹುಸೇವೆಯೂ ದೊಡ್ಡ ನಗರದಲ್ಲಿ ಏಕಸೇವೆಯೂ ಸಹಜವಾಗಬೇಕು.

ಆದರೆ ನಮ್ಮ ನಾಡಿನ ಗ್ರಾಮವ್ಯವಸ್ಥೆ ಈ ಸೂತ್ರಕ್ಕೆ ಒಡನೆಯೇ ಒಂದು ಅಪವಾದವನ್ನು ಒಡ್ಡುತ್ತದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲನೆಯ ಸಂಪುಟವಾಗಿ ಹೊರತಂದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಹನ್ನೆರಡು ಮಂದಿ ಆಯಗಾರರನ್ನು ವರ್ಣಿಸಿದ್ದಾನೆ. ಅವರಲ್ಲಿ ಅಗಸನೂ ಒಬ್ಬ. ನೂರಿನ್ನೂರು ಮನೆಗಳ ಹಳ್ಳಿಯಲ್ಲಿಯೂ ಬಟ್ಟೆ ಒಗೆಯುವುದಕ್ಕೆಂದೇ ಒಂದು ಕುಟುಂಬವಿರಲು ಕಾರಣವೇನು? ಅವನ ಪ್ರತಿಫಲ ಒಗೆದ ಬಟ್ಟೆಯ ಲೆಕ್ಕದಲ್ಲಿರಲಿಲ್ಲ. ಕಣದಲ್ಲಿ ರಾಶಿಯಾದ ಧಾನ್ಯದ ಪಾಲಿನಲ್ಲಿದ್ದಿತು. ಮಾರುಕಟ್ಟೆಯೇ ಇಲ್ಲದ ಕಡೆ ಅದರ ವಿಸ್ತಾರದ ಮಾತೂ ಇಲ್ಲ. ಅರಿವೆಗೆ ಇಷ್ಟೆಂದು ಕೂಲಿ ಗೊತ್ತಾದಾಗ ಮಾತ್ರ ಏಕಸೇವೆ, ಬಹುಸೇವೆಗಳ ಪ್ರಶ್ನೆ ಹುಟ್ಟುತ್ತದೆಂಬುದನ್ನು ಇದರಿಂದ ತಿಳಿಯಬಹುದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಏಕಸೇವೆಯೆಂಬ ಮಾತಿಗೆ ಅರ್ಥ ಒಂದೇ ಅಲ್ಲ. ಒಂದು ವಸ್ತುವನ್ನು ಮಾತ್ರ ಶುಚಿಮಾಡುವುದು ಒಂದು ಬಗೆ. ಶುಚಿಕಾರ್ಯದ ಒಂದು ಹಂತವನ್ನು ಮಾತ್ರ ಉಳಿಸಿಕೊಳ್ಳುವುದು ಇನ್ನೊಂದು ಬಗೆ. ಒಂದು ವಿದ್ಯೆಯನ್ನು ಆಧಾರವಾಗಿಟ್ಟುಕೊಂಡು ಅದರಿಂದ ಸಾಧ್ಯವಾಗುವ ಕೆಲಸಗಳನ್ನು ಮಾಡುವುದು ಮೂರನೆಯ ಬಗೆ. ಈ ಮೂರರ ಗತಿಯೂ ಬೇರೆ ಬೇರೆ.

ಮೊದಲನೆಯ ಬಗೆಗೆ ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ನಗರ ಉತ್ತಮ ನಿದರ್ಶನ. ಅಂಗಿಯಿಂದ ಬೇರ್ಪಡಿಸಬಹುದಾದ ಕಾಲರು 1827ರ ಸುಮಾರಿಗೆ ಅಲ್ಲಿ ಹುಟ್ಟಿತೆಂದು ಪ್ರತೀತಿ. ಅಂಗಿಯನ್ನೆಲ್ಲ ಒಗೆಯದೆ ಕೊಳೆಯಾದ ಕಾಲರನ್ನು ಮಾತ್ರ ಒಗೆಸುವ ಅನುಕೂಲದಿಂದ ಅದರ ಬಳಕೆ ಹಬ್ಬಿತು. ಕಾಲರುಗಳನ್ನು ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದಕ್ಕಾಗಿಯೇ ಟ್ರಾಯ್‌ನಲ್ಲಿ ಲಾಂಡ್ರಿಗಳೆದ್ದವು. ಅಲ್ಲಿ ದುಡಿಯುತ್ತಿದ್ದ ಸ್ತ್ರೀಯರು 1864ರ ಫೆಬ್ರವರಿಯಲ್ಲಿ ಕೇಟ್ ಮುಲ್ಲೇನಿಯ ನೇತೃತ್ವದಲ್ಲಿ ಸಂಘ ಕಟ್ಟಿ, ಮುಷ್ಕರ ಹೂಡಿ, ಕೂಲಿಯನ್ನು ಹೆಚ್ಚಿಸಿಕೊಂಡರು. ಇಷ್ಟು ನುರಿತ ಕೈಗಳು ಬೇರೆಡೆ ಸಿಕ್ಕದಿದ್ದುದೇ ಅವರ ಬಲ. ಆದರೆ 1869ರ ಮುಷ್ಕರ ಮುರಿದುಬಿದ್ದಿತು. ಕಾಲರು ತಯಾರಕರು ಲಾಂಡ್ರಿಯ ಒಡೆಯರ ಪಕ್ಷ ಹಿಡಿದರು. ಒಗೆಯಬೇಕಾಗಿಯೇ ಇಲ್ಲದ ಕಾಗದದ ಕಾಲರುಗಳೂ ಬಳಕೆಗೆ ಬರುತ್ತಿದ್ದವು. ಒಂದೇ ವಸ್ತುವಿನ ಮೇಲೆ ನಿಂತ ಬಲ ಆ ವಸ್ತುವನ್ನು ಕೊಡುವವನ ಕೈಯಲ್ಲಿಯೇ ಇರುತ್ತದೆಂಬುದು ಆಗ ಸ್ಪಷ್ಟವಾಯಿತು. ಒಂದನೆಯ ಮಹಾಯುದ್ಧದ ತರುವಾಯ ಅಂಗಿಗೇ ಸೇರಿಸಿ ಹೊಲಿದ ಮೃದುವಾದ ಕಾಲರು ರೂಢಿಗೆ ಬಂದಿತು. ಕ್ಲೂಯೆಟ್ ಪೀಬಾಡಿಯಂಥ ದೊಡ್ಡ ಕಂಪನಿ ಬಂಡವಾಳದ ಬಲದಿಂದ ಅಂಗಿಗಳ ತಯಾರಿಕೆಗೆ ತಿರುಗಿತು. ಕಾಲರಿಗೆ ಇಸ್ತ್ರಿ ಮಾಡುತ್ತಿದ್ದವಳ ನೈಪುಣ್ಯಕ್ಕೆ ತಿರುಗಲು ಬೇರೆ ದಾರಿ ಇರಲಿಲ್ಲ.

ಎರಡನೆಯ ಬಗೆಗೆ ಅದೇ ದೇಶದಲ್ಲಿ ನೆಲಸಿದ ಚೀಣೀಯರ ಕೈಲಾಂಡ್ರಿಗಳು ನಿದರ್ಶನ. ತೊಟ್ಟಿ, ಸಾಬೂನು, ಒಲೆ, ಇಸ್ತ್ರಿಪೆಟ್ಟಿಗೆ, ಒಂದು ಮೇಜು: ಇಷ್ಟಿದ್ದರೆ ಅಂಗಡಿ ನಡೆಯುತ್ತಿದ್ದಿತು. ಇಸ್ತ್ರಿಪೆಟ್ಟಿಗೆಯ ತೂಕದಿಂದ ಈ ವೃತ್ತಿಗೆ ಅವರಲ್ಲಿ ಎಂಟು ಪೌಂಡಿನ ಜೀವನೋಪಾಯವೆಂಬ ಹೆಸರೇ ಬಿದ್ದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಚಾಲಿತ ಲಾಂಡ್ರಿಗಳು ಪೈಪೋಟಿಗೆ ಬಂದಾಗ ಇವರು ತೊಳೆಯುವ ಹಂತವನ್ನು ಯಂತ್ರಕ್ಕೇ ಬಿಟ್ಟುಕೊಟ್ಟರು. ಬಟ್ಟೆಗಳಿಗೆ ಗುರುತು ಹಾಕಿ ಕಾರ್ಖಾನೆಗೆ ಕಳುಹಿಸುವುದು, ಒದ್ದೆಯಾಗಿ ಮರಳಿ ಬಂದುದನ್ನು ಇಸ್ತ್ರಿ ಮಾಡಿ, ಮಡಿಸಿ, ಕಟ್ಟಿ ಗಿರಾಕಿಗೆ ಒಪ್ಪಿಸುವುದು: ಈ ಭಾಗವನ್ನು ಮಾತ್ರ ಉಳಿಸಿಕೊಂಡರು. ಯಂತ್ರ ಒರಟಾಗಿ ಮಾಡುವುದನ್ನು ಕೈ ನಯವಾಗಿ ಮಾಡುತ್ತಿದ್ದ ಹಂತ ಇದೇ ಆಗಿದ್ದುದರಿಂದ ಅಂಗಡಿಗಳು ಉಳಿದವು. ಆದರೆ ಎರಡನೆಯ ಮಹಾಯುದ್ಧದ ಬಳಿಕ ಮನೆಮನೆಗೂ ತೊಳೆಯುವ ಯಂತ್ರ ಬಂದಿತು. ಬಟ್ಟೆ ಮನೆಯಿಂದ ಹೊರಡುವುದೇ ನಿಂತಾಗ ಹಂತಗಳ ವಿಭಾಗವೂ ನಿರರ್ಥಕವಾಯಿತು.

ಈ ಚೀಣೀಯರು ಲಾಂಡ್ರಿಯನ್ನೇ ಏಕೆ ಹಿಡಿದರೆಂಬ ಪ್ರಶ್ನೆಯನ್ನು ಕೇಳದೆ ಮುಂದುವರಿಯುವುದು ಸರಿಯಲ್ಲ. ಬೇರೆ ಉದ್ಯೋಗಗಳ ಬಾಗಿಲುಗಳು ಅವರಿಗೆ ಬಹುಮಟ್ಟಿಗೆ ಮುಚ್ಚಿದ್ದವು. 1882ರ ಕಾಯಿದೆ ಚೀಣೀ ಕಾರ್ಮಿಕರ ಪ್ರವೇಶವನ್ನೇ ತಡೆಯಿತು. ಅದು ರದ್ದಾದುದು 1943ರಲ್ಲಿ. ಲಾಂಡ್ರಿಯೂ ನಿರಾತಂಕವಾಗಿರಲಿಲ್ಲ. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಅನುಮತಿ ಬೇಕೆಂದು ಸ್ಯಾನ್‌ಫ್ರಾನ್ಸಿಸ್ಕೊ ನಗರ 1880ರಲ್ಲಿ ವಿಧಿಸಿತು. ಅಲ್ಲಿದ್ದ ಸುಮಾರು 320 ಲಾಂಡ್ರಿಗಳಲ್ಲಿ 310 ಮರದವು; ಸುಮಾರು 240 ಚೀಣೀಯರವು. ಅರ್ಜಿ ಹಾಕಿದ ಸುಮಾರು 200 ಮಂದಿ ಚೀಣೀಯರಿಗೂ ಅನುಮತಿ ದೊರೆಯಲಿಲ್ಲ. ಇತರರಲ್ಲಿ ಒಬ್ಬರ ಹೊರತು ಎಲ್ಲರಿಗೂ ದೊರೆಯಿತು. ಇಪ್ಪತ್ತೆರಡು ವರ್ಷ ಲಾಂಡ್ರಿ ನಡೆಸಿದ್ದ ಯಿಕ್ ವೋ ಎಂಬವನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1886ರಲ್ಲಿ, ಮಾತಿನಲ್ಲಿ ಸಮವಾಗಿರುವ ಶಾಸನವನ್ನು ಆಚರಣೆಯಲ್ಲಿ ಪಕ್ಷಪಾತದಿಂದ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 1933ರಲ್ಲಿ ನ್ಯೂಯಾರ್ಕ್ ನಗರವು ಸಣ್ಣ ಲಾಂಡ್ರಿಗಳ ಮೇಲೆ 25 ಡಾಲರುಗಳ ವಾರ್ಷಿಕ ಶುಲ್ಕವನ್ನೂ 1,000 ಡಾಲರುಗಳ ಜಾಮೀನನ್ನೂ ಹೇರಹೊರಟಾಗ, ಚೀಣೀ ಕೈಲಾಂಡ್ರಿಗಾರರು ಅದೇ ವರ್ಷ ಸಂಘವನ್ನು ಸ್ಥಾಪಿಸಿ ಹೋರಾಡಿ, ಅವನ್ನು 10 ಮತ್ತು 100 ಡಾಲರುಗಳಿಗೆ ಇಳಿಸಿದರು. ಇವರ ಏಕಸೇವೆ ಆಯ್ಕೆಯಾಗಿರುವುದಕ್ಕಿಂತ ಹೆಚ್ಚಾಗಿ ನಿರ್ಬಂಧವಾಗಿದ್ದಿತು. ನಮ್ಮ ಅಗಸನದೂ ಹುಟ್ಟಿನಿಂದ ಗೊತ್ತಾದ ವೃತ್ತಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯ ಬಗೆಯನ್ನು ಸ್ಕಾಟ್ಲೆಂಡಿನ ಪರ್ತ್ ನಗರದಲ್ಲಿ ಕಾಣುತ್ತೇವೆ. ಜಾನ್ ಪುಲ್ಲರ್ 1824ರಲ್ಲಿ ಅಲ್ಲಿ ಬಣ್ಣಗಾರಿಕೆಯನ್ನು ಆರಂಭಿಸಿದನು. ಹಳೆಯ ಉಡುಪಿಗೆ ಹೊಸ ಬಣ್ಣ ಹಿಡಿಯಬೇಕಾದರೆ ಮೊದಲು ಜಿಡ್ಡು, ಕಲೆಗಳು ಹೋಗಬೇಕು. ಯಾವ ನೂಲು ಯಾವ ದ್ರವವನ್ನು ತಾಳುತ್ತದೆಂಬ ಅರಿವೂ ಬೇಕು. ನೀರಿಲ್ಲದೆ ಬಟ್ಟೆಯನ್ನು ಶುಚಿಮಾಡುವ ಡ್ರೈಕ್ಲೀನಿಂಗ್ ವಿಧಾನಕ್ಕೆ ಬೇಕಾದುದೂ ಇದೇ ಅರಿವು. ಆದಕಾರಣ ಆ ಮನೆತನದವರು ಬಣ್ಣಗಾರಿಕೆಯ ಜೊತೆಗೆ ಶುಚಿಕಾರ್ಯವನ್ನೂ ಸೇರಿಸಿಕೊಂಡುದು ಸ್ವಾಭಾವಿಕವಾಗಿದ್ದಿತು. ರೈಲು ಮತ್ತು ಅಂಚೆಗಳ ಸೌಕರ್ಯದಿಂದ ಬ್ರಿಟನ್ನಿನ ಊರೂರುಗಳ ಏಜೆಂಟರ ಮೂಲಕ ಬಟ್ಟೆಗಳು ಪರ್ತಿಗೆ ಬಂದು ಹೋಗುತ್ತಿದ್ದವು. ಹೊರನೋಟಕ್ಕೆ ಇದು ಬಹುಸೇವೆ; ಒಳಗಿದ್ದ ವಿದ್ಯೆ ಒಂದೇ.

ಈ ನಿದರ್ಶನಗಳಿಂದ ಕೆಲವು ತತ್ತ್ವಗಳನ್ನು ಎತ್ತಿಕೊಳ್ಳಬಹುದು. ವಸ್ತುವಿಗೆ ಅಂಟಿಕೊಂಡ ವೃತ್ತಿ ಆ ವಸ್ತುವಿನೊಡನೆ ಅಳಿಯುತ್ತದೆ. ಹಂತಕ್ಕೆ ಅಂಟಿಕೊಂಡದ್ದು ಉಳಿದ ಹಂತಗಳನ್ನು ಹೊರಗೆ ಮಾಡುವವರಿರುವವರೆಗೆ ಬಾಳುತ್ತದೆ. ವಿದ್ಯೆಯನ್ನು ನೆಲೆಯಾಗಿಟ್ಟುಕೊಂಡು ಬೆಳೆದ ಬಹುಸೇವೆ ಹೆಚ್ಚು ಕಾಲ ನಿಲ್ಲಬಲ್ಲದು. ಇಂದು ನಗರಗಳಲ್ಲಿ ಮನೆ, ಕಛೇರಿ, ಜಮಖಾನೆ, ನೀರಿನ ತೊಟ್ಟಿಗಳನ್ನು ಶುಚಿಮಾಡುವ ಕಿರುಸಂಸ್ಥೆಗಳಿಗೂ ಇದು ಸಲ್ಲುತ್ತದೆ. ಹೊಸ ಸೇವೆಯೊಂದನ್ನು ಸೇರಿಸುವ ಮೊದಲು, ಕೈಯಲ್ಲಿರುವ ಉಪಕರಣ ಮತ್ತು ಅರಿವುಗಳಲ್ಲಿ ಎಷ್ಟು ಪಾಲು ಅದಕ್ಕೆ ಒದಗುತ್ತದೆಂದು ಕೇಳಿಕೊಳ್ಳಬೇಕು. ಆದರೆ ಈ ಲೆಕ್ಕ ಹಾಕುವುದಕ್ಕೆ ಮೊದಲು ವೃತ್ತಿಗಾರನಿಗೆ ಆಯ್ಕೆಯ ಸ್ವಾತಂತ್ರ್ಯವಿರಬೇಕು. ಆ ಸ್ವಾತಂತ್ರ್ಯ ಯಾರಿಗಿದ್ದಿತು, ಯಾರಿಗಿರಲಿಲ್ಲವೆಂಬುದನ್ನು ವಿಚಾರಿಸದ ಆರ್ಥಿಕ ಚರಿತ್ರೆ ಅಪೂರ್ಣವಾದುದು.