ಜಪಾನಿನ ಶಾಲೆಗಳಲ್ಲಿ ಪರದೇಶದ ಸಹಾಯಕ ಉಪಾಧ್ಯಾಯ

ಜಪಾನು 1987ರಲ್ಲಿ ‘ಜೆಟ್’ ಎಂಬ ಯೋಜನೆಯನ್ನು ಆರಂಭಿಸಿ, ಇಂಗ್ಲಿಷ್ ಬೋಧನೆಗೆ ನೆರವಾಗಲು ಹೊರದೇಶದ ಪದವೀಧರರನ್ನು ಶಾಲೆಗಳಿಗೆ ಕರೆಸಿಕೊಳ್ಳತೊಡಗಿತು. ಇವರ ಕರಾರು ಒಂದು ವರ್ಷದ್ದು; ಹೆಚ್ಚೆಂದರೆ ಐದು ವರ್ಷದವರೆಗೆ ಮುಂದುವರಿಸಬಹುದು.

ತರಗತಿಯ ಹೊಣೆ ಜಪಾನೀ ಉಪಾಧ್ಯಾಯರದು. ಸಹಾಯಕನು ಜೊತೆಯಲ್ಲಿ ನಿಂತು ಪಾಠವನ್ನು ಓದಿ ಹೇಳುವನು, ಮಕ್ಕಳನ್ನು ಮಾತನಾಡಿಸುವನು. ಇಬ್ಬರೂ ಮುಂಚಿತವಾಗಿ ಕೂಡಿ ಪಾಠವನ್ನು ಯೋಜಿಸದಿದ್ದರೆ ಅವನು ಬರಿಯ ಧ್ವನಿಮುದ್ರಣ ಯಂತ್ರವಾಗುವನು.

ಅವನಿಗೆ ನಿಜವಾದ ತರಗತಿ ದೊರೆಯುವುದು ಗಂಟೆ ಹೊಡೆದ ಮೇಲೆ. ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೇ ಊಟ ಬಡಿಸುವರು. ಕೊಠಡಿಯನ್ನು ಗುಡಿಸಿ ಒರೆಸುವರು. ಅವರೊಡನೆ ಕುಳಿತು ಉಣ್ಣುವಾಗ, ಪೊರಕೆ ಹಿಡಿದಾಗ, ಪಾಠದಲ್ಲಿ ಬಾಯಿ ಬಿಡದ ಹುಡುಗನೂ ಒಂದೆರಡು ಇಂಗ್ಲಿಷ್ ಮಾತು ಆಡಿಯಾನು. ಅಂಕಕ್ಕಾಗಿ ಕಲಿತ ಭಾಷೆ ಇನ್ನೊಬ್ಬ ಮನುಷ್ಯನನ್ನು ತಲುಪುವುದು ಆಗಲೇ.