ಅಗ್ಗವಾದರೆ ಸುಂಕ, ದುಬಾರಿಯಾದರೆ ಮೌನ

2013ರ ಜುಲೈ ಕೊನೆಯಲ್ಲಿ ರಷ್ಯಾದ ಉರಲ್‌ಕಾಲಿ ಕಂಪನಿ ಬೆಲಾರೂಸ್‌ನ ಸರ್ಕಾರಿ ಕಂಪನಿಯೊಂದಿಗಿನ ಪಾಲುದಾರಿಕೆ ಕಡಿದುಕೊಂಡಿತು. 2005ರಿಂದ ಇಬ್ಬರೂ ಒಂದೇ ಮಾರಾಟ ಸಂಸ್ಥೆಯ ಮೂಲಕ, ಒಂದೇ ದರಕ್ಕೆ ಪೊಟ್ಯಾಷ್ ಗೊಬ್ಬರ ಮಾರುತ್ತಿದ್ದರು. ಮರುತಿಂಗಳು ಉರಲ್‌ಕಾಲಿಯ ಮುಖ್ಯಸ್ಥ ವ್ಲಾದಿಸ್ಲಾವ್ ಬೌಮ್‌ಗರ್ಟ್ನರ್ ಮಾತುಕತೆಗೆಂದು ಮಿನ್ಸ್ಕ್‌ಗೆ ಹೋದರು. ಬೆಲಾರೂಸ್‌ನ ಪ್ರಧಾನಿಯನ್ನು ಕಂಡು ಹೊರಟವರನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಲಾಯಿತು.

ಬೆಲಾರೂಸ್‌ನ ಸಿಟ್ಟಿಗೆ ಕಾರಣವಿತ್ತು. 2013ರ ಆರಂಭದಲ್ಲಿ ಭಾರತ ಟನ್ನಿಗೆ 427 ಡಾಲರ್ ಕೊಟ್ಟು ಪೊಟ್ಯಾಷ್ ತರಿಸಿಕೊಳ್ಳುತ್ತಿತ್ತು. 2014ರ ಒಪ್ಪಂದದಲ್ಲಿ ದರ 322 ಡಾಲರಿಗೆ ಇಳಿಯಿತು. ಗಣಿ ಅದೇ, ಗೊಬ್ಬರವೂ ಅದೇ. ಕೂಡಿ ಮಾರುವವರು ಬೇರೆಯಾದರು, ಅಷ್ಟೆ. ಪೊಟ್ಯಾಷ್‌ಗೆ ನಾವು ಬಹುಪಾಲು ಆಮದನ್ನೇ ನಂಬಿದ್ದೇವೆ. ಮಂಡ್ಯದ ಕಬ್ಬಿಗೂ ಮಲೆನಾಡಿನ ಅಡಿಕೆ ತೋಟಕ್ಕೂ ಹೋಗುವ ಚೀಲದ ಮೂಲ ದರ ಇಂಥ ಕಂಪನಿಗಳ ಕೈಯಲ್ಲಿದೆ.

ಸಾಗರದಾಚೆ ಇನ್ನೊಂದು ಕೂಟವಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಪೊಟ್ಯಾಷನ್ನು ಹೊರದೇಶಗಳಿಗೆ ಮಾರುವ ಕ್ಯಾನ್‌ಪೊಟೆಕ್ಸ್, ಈಗ ನ್ಯೂಟ್ರಿಯನ್ ಮತ್ತು ಮೊಸಾಯಿಕ್ ಕಂಪನಿಗಳ ಸ್ವತ್ತು. ಕೆನಡಾ ಮತ್ತು ಅಮೆರಿಕದ ಗ್ರಾಹಕರಿಗೆ ಅದು ಮಾರುವುದಿಲ್ಲ. ಉಳಿದ ದೇಶಗಳಿಗೆ ಮಾತ್ರ. ಕೆನಡಾದ ಸ್ಪರ್ಧಾ ಕಾಯ್ದೆ ರಫ್ತಿಗಷ್ಟೇ ಸಂಬಂಧಿಸಿದ ಒಪ್ಪಂದಗಳನ್ನು ಅಪರಾಧವೆಂದು ಎಣಿಸುವುದಿಲ್ಲ. ಅಮೆರಿಕವಂತೂ 1918ರಲ್ಲೇ ವೆಬ್-ಪೊಮರೀನ್ ಕಾಯ್ದೆ ಮಾಡಿ ರಫ್ತುದಾರರ ಕೂಟಕ್ಕೆ ವಿನಾಯಿತಿ ಕೊಟ್ಟಿತು. ನಮ್ಮ ಜನರಿಗೆ ದರ ಏರಿಸಬೇಡಿ, ಹೊರಗಿನವರ ವಿಚಾರ ನಿಮಗೆ ಬಿಟ್ಟದ್ದು ಎಂಬ ಧೋರಣೆ!

ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳಾದರೂ ಇದನ್ನು ತಡೆಯಬೇಡವೇ? ಹೊರದೇಶದ ಕಂಪನಿ ತನ್ನೂರಿಗಿಂತ ಅಗ್ಗಕ್ಕೆ ಇಲ್ಲಿ ಸುರಿದರೆ, ಅದರಿಂದ ಇಲ್ಲಿನ ಉದ್ಯಮಕ್ಕೆ ಪೆಟ್ಟಾದರೆ ಡಂಪಿಂಗ್-ವಿರೋಧಿ ಸುಂಕ ಹಾಕಲು ವಿಶ್ವ ವಾಣಿಜ್ಯ ಸಂಘಟನೆಯಲ್ಲಿ ವಿಸ್ತಾರವಾದ ಒಪ್ಪಂದವೇ ಇದೆ. ಅದೇ ಕಂಪನಿಗಳು ಕೂಡಿಕೊಂಡು ದರ ಏರಿಸಿದರೆ ತಡೆಯುವ ಒಪ್ಪಂದ ಇಲ್ಲ. ಅಗ್ಗವಾದರೆ ತಯಾರಕ ಕೂಗುತ್ತಾನೆ, ಅವನಿಗೆ ಸಂಘವಿದೆ, ವಕೀಲರಿದ್ದಾರೆ. ದುಬಾರಿಯಾದಾಗ ಕೂಗಬೇಕಾದ ಕೊಳ್ಳುವವನು ಊರೂರಿಗೆ ಚದುರಿಹೋಗಿರುತ್ತಾನೆ.

ಪ್ರಯತ್ನ ನಡೆಯಲಿಲ್ಲವೆಂದಲ್ಲ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಮ ರೂಪಿಸಿದ 1948ರ ಹವಾನಾ ಸನ್ನದಿನಲ್ಲಿ ಇಂಥ ಕೂಟಗಳ ಬಗ್ಗೆ ಒಂದು ಅಧ್ಯಾಯವೇ ಇತ್ತು. ಅಮೆರಿಕದ ಕಾಂಗ್ರೆಸ್ ಒಪ್ಪಲಿಲ್ಲ, ಸನ್ನದು ಜಾರಿಗೇ ಬರಲಿಲ್ಲ. 1996ರಲ್ಲಿ ವಿಶ್ವ ವಾಣಿಜ್ಯ ಸಂಘಟನೆಯ ಸಿಂಗಪುರ ಸಭೆಯಲ್ಲಿ ವಿಷಯ ಮತ್ತೆ ಎದ್ದಿತು. ಸ್ಪರ್ಧೆಯ ಹೆಸರಿನಲ್ಲಿ ವಿದೇಶಿ ಕಂಪನಿಗಳಿಗೆ ಬಾಗಿಲು ತೆರೆಸುತ್ತಾರೆಂಬ ಆತಂಕದಿಂದ ಭಾರತವೂ ವಿರೋಧಿಸಿತು. 2003ರಲ್ಲಿ ಕಾನ್‌ಕುನ್ ಸಭೆ ಮುರಿದುಬಿತ್ತು, ಮರುವರ್ಷ ವಿಷಯವನ್ನೇ ಕೈಬಿಟ್ಟರು. ಆತಂಕ ಸುಳ್ಳಲ್ಲ. ಆದರೆ ಪೊಟ್ಯಾಷ್‌ನಂಥ ಸರಕನ್ನು ಕೊಳ್ಳುವ ದೇಶಕ್ಕೆ ಆ ವಿರೋಧ ಅಗ್ಗವೇನಲ್ಲ.

ಸ್ವಂತ ಕಾಯ್ದೆಯೂ ಆಗ ನೆರವಿಗೆ ಬರಲಿಲ್ಲ. ಅಮೆರಿಕದ ಸೋಡಾ ಆಶ್ ರಫ್ತುದಾರರ ಕೂಟ ಆನ್ಸಾಕ್ ವಿರುದ್ಧ 1996ರಲ್ಲಿ, ಏಕಸ್ವಾಮ್ಯ ತಡೆಯಲೆಂದು ಇದ್ದ ಎಂಆರ್‌ಟಿಪಿ ಆಯೋಗದಲ್ಲಿ ದೂರು ದಾಖಲಾಗಿ ತಡೆಯಾಜ್ಞೆಯೂ ಸಿಕ್ಕಿತ್ತು. ದೂರು ಕೊಟ್ಟವರು ಗ್ರಾಹಕರಲ್ಲ, ದೇಶಿ ತಯಾರಕರು ಎಂಬುದನ್ನು ಗಮನಿಸಿ. ಆಮದನ್ನೇ ತಡೆಯುವ ಅಧಿಕಾರ ಆಯೋಗಕ್ಕಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಂದಿನ ಕಥೆ ಇನ್ನೂ ಸ್ವಾರಸ್ಯ: ದೇಶದ ದೊಡ್ಡ ಸೋಡಾ ಆಶ್ ಉತ್ಪಾದಕ ಟಾಟಾ ಕೆಮಿಕಲ್ಸ್ 2008ರಲ್ಲಿ ಅಮೆರಿಕದ ಕಂಪನಿಯೊಂದನ್ನು ಕೊಂಡಿತು. ಅದು ಆನ್ಸಾಕ್‌ನ ಸದಸ್ಯ ಕಂಪನಿಯಾಗಿತ್ತು.

ನಮ್ಮ 2002ರ ಸ್ಪರ್ಧಾ ಕಾಯ್ದೆಯ 32ನೇ ಸೆಕ್ಷನ್ ಈ ಕೊರತೆಯನ್ನು ತುಂಬಿತು. ಒಪ್ಪಂದ ಎಲ್ಲಿಯೇ ನಡೆದಿರಲಿ, ಪೆಟ್ಟು ಭಾರತದ ಮಾರುಕಟ್ಟೆಗೆ ಬಿದ್ದರೆ ಸ್ಪರ್ಧಾ ಆಯೋಗ ವಿಚಾರಣೆ ನಡೆಸಬಹುದು. ಆದರೆ ಕಡತ ಸಸ್ಕಾಚೆವಾನ್‌ನಲ್ಲಿದ್ದರೆ, ಅಲ್ಲಿಯ ಕಾನೂನಿಗೆ ಅದು ತಪ್ಪೇ ಅಲ್ಲದಿದ್ದರೆ ಸಾಕ್ಷ್ಯ ಒದಗಿಸುವವರು ಯಾರು? ಇದೇ ಕಾಯ್ದೆಯ 3ನೇ ಸೆಕ್ಷನ್ ಕೂಡ ಕೇವಲ ರಫ್ತಿಗಾಗಿ ಮಾಡಿಕೊಂಡ ಒಪ್ಪಂದಗಳನ್ನು ಹೊರಗಿಟ್ಟಿದೆ. ಕೆನಡಾ ಮಾಡಿದ್ದನ್ನೇ ನಾವೂ ಮಾಡಿದ್ದೇವೆ. ಕ್ಯಾನ್‌ಪೊಟೆಕ್ಸ್ ಬಗ್ಗೆ ದೂರುವ ಮೊದಲು ಸಂಸತ್ತು ಆ ವಿನಾಯಿತಿಯನ್ನು ತೆಗೆದುಹಾಕಬೇಕು.