ಹಳೆಯ ಲೋಹಶೋಧಕವೂ ಹೊನ್ನಿನ ಕೊಪ್ಪರಿಗೆಯೂ

ಇಂಗ್ಲೆಂಡಿನಲ್ಲಿ ಭಾನುವಾರದ ಬೆಳಗ್ಗೆ ಕಾರುಗಳ ಡಿಕ್ಕಿ ತೆರೆದು ಮನೆಯ ಹಳೆಯ ಸಾಮಾನುಗಳನ್ನು ಮಾರುವ ‘ಕಾರ್ ಬೂಟ್ ಸೇಲ್’ ಎಂಬ ಸಂತೆ ನೆರೆಯುವುದನ್ನು, ಅಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ನಮ್ಮವರೆಲ್ಲ ಬಲ್ಲರು. ಕಳೆದ ಬೇಸಗೆಯಲ್ಲಿ ಸ್ಟ್ಯಾಫರ್ಡ್‌ಶೈರ್ ಪ್ರಾಂತದ ಅಂತಹುದೊಂದು ಸಂತೆಯಲ್ಲಿ, ಬಿರುಕುಬಿಟ್ಟ ಪಿಂಗಾಣಿಗೂ ಮಗುವಿನ ತಳ್ಳುಗಾಡಿಗೂ ನಡುವೆ ಒರಗಿಸಿದ್ದ ಲೋಹಶೋಧಕವೊಂದು ನನ್ನ ಕಣ್ಣಿಗೆ ಬಿದ್ದಿತು. ಪರದೆಯಿಲ್ಲ, ಅಂಕಿಗಳಿಲ್ಲ; ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಗಲದ ಸುರುಳಿ, ಹಿಡಿಯ ಬಳಿ ಎರಡು ತಿರುಗುಗುಂಡಿ; 1980ರ ಸುಮಾರಿನ ಸರಕು.

ಮಾರುತ್ತಿದ್ದ ವೃದ್ಧರು ಬೆಲೆಯ ಮಾತೆತ್ತುವ ಮೊದಲೇ ಅದನ್ನು ಕಾರುಗಳಿಂದ ದೂರ, ಬರಿಯ ಹುಲ್ಲಿನ ಮೇಲಕ್ಕೆ ಒಯ್ದರು. ಬ್ಯಾಟರಿಯ ಮುಚ್ಚಳ ತೆಗೆದು ಒಳಗೆ ಕಿಲುಬು ಹಿಡಿದಿಲ್ಲವೆಂದು ತೋರಿಸಿದರು. ಸುರುಳಿಯನ್ನು ಅಂಗೈಯಿಂದ ತಟ್ಟಿ, ತಂತಿಯನ್ನು ಅಲ್ಲಾಡಿಸಿ, ಸುಳ್ಳು ಸದ್ದು ಏಳದೆಂಬುದನ್ನು ಮನಗಾಣಿಸಿದರು. ಗುಂಡಿಯನ್ನು ತುಸು ತಿರುಗಿಸಿದಾಗ ಯಂತ್ರವು ಕಬ್ಬಿಣದ ಮೊಳೆಗೆ ಮೌನವಾಗಿದ್ದು ನಾಣ್ಯಕ್ಕೆ ಕೂಗಿತು. ಇನ್ನಷ್ಟು ತಿರುಗಿಸಲು ಸಿಗರೇಟು ಪೊಟ್ಟಣದ ಬೇಗಡೆಗೂ ಸುಮ್ಮನಾಯಿತು. ಆದರೆ ಅದರೊಡನೆಯೇ ನನ್ನ ಬೆರಳಿನ ತೆಳ್ಳನೆಯ ಚಿನ್ನದ ಉಂಗುರಕ್ಕೂ ಸುಮ್ಮನಾಯಿತು! ಹೊಸ ಯಂತ್ರಗಳ ಬೆಳಗುವ ಪರದೆಗಳೂ ಈ ಸಂದಿಗ್ಧವನ್ನು ಪೂರ್ತಿಯಾಗಿ ಪರಿಹರಿಸಿಲ್ಲವೆಂಬುದು, ಪರದೆಗಳನ್ನು ಕಂಡರಾಗದ ನನಗೆ ಸಂತೋಷದ ಸಂಗತಿಯೇ.

ಲೋಹದಿಂದ ದೂರ ಪರೀಕ್ಷಿಸುವ ಆ ಎಚ್ಚರವನ್ನು ಕಾಣುತ್ತಲೇ ನೆನಪಾದವನು ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್. 1881ರ ಜುಲೈ 2ರಂದು ಗುಂಡೇಟಿಗೊಳಗಾದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಹುದುಗಿದ್ದ ಗುಂಡನ್ನು ಅರಸಲು ಅವನು ನಿರ್ಮಿಸಿದ ಉಪಕರಣದಲ್ಲಿ ಸುರುಳಿಗಳ ವಿದ್ಯುತ್ಪ್ರಭಾವ ಸಮತೂಕದಲ್ಲಿದ್ದು, ಲೋಹವು ಬಳಿಸಾರಿದೊಡನೆ ಆ ಸಮತೂಕ ಕೆಟ್ಟು ಕಿವಿಗೆ ಸದ್ದು ಕೇಳಿಸುತ್ತಿದ್ದಿತು. ಪ್ರಯೋಗಶಾಲೆಯಲ್ಲಿ ಕೆಲಸಮಾಡಿದ ಯಂತ್ರ ಅಧ್ಯಕ್ಷರ ಶಯ್ಯೆಯ ಬಳಿ ತಬ್ಬಿಬ್ಬಾಯಿತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದುವೆಂದು ಅವನಿಗೆ ತಿಳಿದದ್ದು ಆಮೇಲೆ. ಸಾಲದುದಕ್ಕೆ, ಮುಖ್ಯವೈದ್ಯ ಬ್ಲಿಸ್ ಗುಂಡು ಬಲಗಡೆಯೇ ಇದೆಯೆಂಬ ಹಟದಿಂದ ಆ ಪಾರ್ಶ್ವವನ್ನು ಮಾತ್ರ ಶೋಧಿಸಗೊಟ್ಟನು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡ ಬಳಿಕ ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಗಡೆ. ಹಾಸಿಗೆಗಿಂತಲೂ ವೈದ್ಯನ ಹಟವೇ ದೊಡ್ಡ ತಪ್ಪೆಂದು ನನ್ನ ಮತ.

ಮುಂದೆ ಗೆರ್ಹಾರ್ಡ್ ಫಿಷರನು 1937ರಲ್ಲಿ ಅಮೆರಿಕದಲ್ಲಿ ಲೋಹಶೋಧಕಕ್ಕೆ ಪೇಟೆಂಟು ಪಡೆದುದು, ಪೋಲೆಂಡಿನ ಕೊಸಾಟ್ಸ್ಕಿಯ ನೆಲಬಾಂಬು ಶೋಧಕ 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಮರಳುಗಾಡಿನಲ್ಲಿ ಬ್ರಿಟಿಷ್ ಸೈನ್ಯಕ್ಕೆ ದಾರಿ ತೋರಿದುದು ಇತಿಹಾಸ.

ಹಳೆಯದೆಂದು ಮೂಗುಮುರಿಯುವವರಿಗೆ ಉತ್ತರ ಅದೇ ಸ್ಟ್ಯಾಫರ್ಡ್‌ಶೈರ್ ಪ್ರಾಂತದಲ್ಲಿದೆ. 2009ರ ಜುಲೈಯಲ್ಲಿ ಹ್ಯಾಮರ್ವಿಚ್ ಬಳಿಯ ಹೊಲದಲ್ಲಿ ಹವ್ಯಾಸಿಯೊಬ್ಬರಿಗೆ ಏಳನೆಯ ಶತಮಾನದ ಆಂಗ್ಲೋ-ಸ್ಯಾಕ್ಸನ್ ಸ್ವರ್ಣರಾಶಿ ದೊರೆತದ್ದು ಬಹುಕಾಲ ಬಳಸಿದ ಯಂತ್ರದಿಂದಲೇ. ಅದಕ್ಕೆ ಕಟ್ಟಿದ ಬೆಲೆ 32 ಲಕ್ಷ 85 ಸಾವಿರ ಪೌಂಡು. ಅರ್ಧ ಅವರಿಗೆ, ಅರ್ಧ ಹೊಲದ ಒಡೆಯರಿಗೆ.

ವೃದ್ಧರು ತೋರಿಸಿದ ಯಂತ್ರವನ್ನು ನಾನು ಚೌಕಾಸಿ ಮಾಡದೆ ಕೊಂಡೆನು. ಕೊಳ್ಳಬಯಸುವ ಇತರರು ಸುರುಳಿಯನ್ನು ಮೊದಲು ಪರೀಕ್ಷಿಸಲಿ. ಮುಚ್ಚಿಹೋದ ಕಂಪನಿಯ ಸುರುಳಿ ಕೆಟ್ಟರೆ ಬದಲಿ ದೊರೆಯುವುದು ದುಸ್ತರ. ಹೊಲಕ್ಕಿಳಿಯುವ ಮುನ್ನ ಒಡೆಯನ ಅನುಮತಿ ಬೇಕು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅಪ್ಪಣೆಯಿಲ್ಲದೆ ಯಂತ್ರ ಆಡಿಸುವುದೇ ಅಪರಾಧ. ಕಾನೂನು ನಿಧಿಯೆಂದು ಕರೆಯುವ ವಸ್ತು ಸಿಕ್ಕಿದರೆ 14 ದಿನಗಳೊಳಗೆ ಅಲ್ಲಿನ ಕಾರೊನರ್ ಎಂಬ ಅಧಿಕಾರಿಗೆ ತಿಳಿಸತಕ್ಕದ್ದು.